ಡಬ್ಬಿಯ ಮುಚ್ಚಳದ ಮನೆ

ನಾನು ಇಂಗ್ಲೆಂಡ್ ನೋಡಿದವನಲ್ಲ. ಶಿವಮೊಗ್ಗ ದಾಟಿ ಆಚೆ ಹೋದದ್ದೇ ಬೆರಳೆಣಿಕೆಯ ಸಲ. ಆದರೂ ಆ ದೇಶದ ಒಬ್ಬ ದೊರೆಯ ಹಳ್ಳಿಮನೆಯ ಮುಖ ನನಗೆ ಕಣ್ಣು ಮುಚ್ಚಿದರೂ ಕಾಣುತ್ತದೆ. ಬಾಗಿಲಿಗೆ ಎಷ್ಟು ಮೆಟ್ಟಿಲು, ಮೇಲಿನ ಸಾಲಿನ ಕಿಟಕಿ ಕೆಳಗಿನದಕ್ಕಿಂತ ಎಷ್ಟು ಗಿಡ್ಡ, ಮೂಲೆಯ ಕಲ್ಲುಗಳು ಒಂದು ಉದ್ದ ಒಂದು ಮೊಟಕು ಆಗಿ ಹೇಗೆ ಮೇಲೇರುತ್ತವೆ, ಎಲ್ಲ ಹೇಳಬಲ್ಲೆ. ಇದನ್ನು ನಾನು ಕಲಿತದ್ದು ಒಂದು ಬಿಸ್ಕತ್ತಿನ ಡಬ್ಬಿಯ ಮುಚ್ಚಳದಿಂದ.

ಎಪ್ಪತ್ತರ ದಶಕದ ನಡುವಿನ ಮಾತು. ನನಗೆ ಇಪ್ಪತ್ತಾರೋ ಇಪ್ಪತ್ತೇಳೋ. ಹೊಸಬಾಳೆಯಲ್ಲಿ ನಮ್ಮದು ಸ್ವಲ್ಪ ಹೊಲ, ಒಂದು ಹಿಂಡು ಕುರಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟೆ. ಕುರಿ ಕಾಯ್ದೆ, ಆಮೇಲೆ ಸೊರಬದ ಒಬ್ಬ ಮೇಸ್ತ್ರಿಯ ಕೈಕೆಳಗೆ ಗಾರೆ ಕೆಲಸ ಕಲಿತೆ. ಕಲಿಸಿದ ಉಪಕಾರ ಮರೆಯುವವನಲ್ಲ. ಆದರೆ ಆತ ಗೋಡೆಯ ಎರಡು ಮೈ ಚೆಂದ ಮಾಡಿ ಹೊಟ್ಟೆಗೆ ಮಣ್ಣು, ಚೂರುಗಲ್ಲು ತುಂಬುತ್ತಿದ್ದ. ಒಂದು ದಿನ ಕೇಳಿಯೇ ಬಿಟ್ಟೆ. "ನಾಲ್ಕನೇ ಕ್ಲಾಸಿನ ಬುದ್ಧಿವಂತ ನೀನು, ನಿನ್ನ ಮನೆ ನೀನೇ ಕಟ್ಕೋ ಹೋಗು" ಅಂದ. ಕರಣೆ ತೊಳೆದು ಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟೆ.

ಆಗ ಸಿಕ್ಕಿದ್ದೇ ಶಿರಾಳಕೊಪ್ಪದ ಕೆಲಸ. ಅಲ್ಲಿ ಬೆಲ್ಲದ ಮಂಡಿ ಇಟ್ಟಿದ್ದ ಒಬ್ಬ ಮುಸಲ್ಮಾನ ಸಾಹುಕಾರರು ತಮ್ಮ ಹಳೇ ಮನೆಯ ಮುಂಭಾಗ ಕೆಡವಿ ಹೊಸದಾಗಿ ಮಹಡಿ ಎತ್ತಿಸುವವರಿದ್ದರು. ಇಬ್ಬರು ಮೇಸ್ತ್ರಿಗಳು ಬಂದು ಹೋಗಿದ್ದರು. ಒಬ್ಬ ಸಿಮೆಂಟಿಲ್ಲದೆ ಆಗಲ್ಲ ಅಂದನಂತೆ. ಸಿಮೆಂಟಿಗೆ ಆಗ ಶಿಕಾರಿಪುರದ ತಾಲ್ಲೂಕು ಕಚೇರಿಯಿಂದ ಪರ್ಮಿಟ್ಟು ಬೇಕು, ಅದು ಕೈಗೆ ಬರುವಷ್ಟರಲ್ಲಿ ಮಳೆಗಾಲ ಬಂದಿರುತ್ತಿತ್ತು. ಇನ್ನೊಬ್ಬ ನಕ್ಕು ಎದ್ದು ಹೋದನಂತೆ. ಯಾಕೆ ನಕ್ಕ ಅನ್ನುವುದು ಸಾಹುಕಾರರು ಒಳಗಿನಿಂದ ಮುಚ್ಚಳ ತರಿಸಿದಾಗ ಗೊತ್ತಾಯಿತು.

ಅಂಗೈ ಎರಡು ಜೋಡಿಸಿದಷ್ಟು ಅಗಲದ ತಗಡು. ಅವರ ತಂದೆ ಯಾವಾಗಲೋ ಬೊಂಬಾಯಿಯಿಂದ ತಂದ ಬಿಸ್ಕತ್ತಿನ ಡಬ್ಬಿಯದು. ಮೇಲೆ ತಗಡನ್ನೇ ಉಬ್ಬಿಸಿ, ಬಣ್ಣ ಅಚ್ಚು ಹಾಕಿದ ದೊಡ್ಡ ಮನೆ. ನಡುವೆ ಬಾಗಿಲು, ಬಾಗಿಲ ಮೇಲೆ ಎರಡು ಕಂಬ ಹೊತ್ತ ತ್ರಿಕೋನ. ಆ ಕಡೆ ಐದು ಕಿಟಕಿ, ಈ ಕಡೆ ಐದು ಕಿಟಕಿ, ಮೇಲೆಯೂ ಹಾಗೇ. ತಲೆಯ ಮೇಲೆ ನಾಲ್ಕು ಹೊಗೆಗೂಡು. ಮುಂದೆ ಹಸುರು, ಹಸುರಿನಲ್ಲಿ ಕುರಿ.

"ಚಿಕ್ಕವನಿದ್ದಾಗಿಂದ ನೋಡ್ತಾ ಬಂದೀನಿ" ಅಂದರು ಸಾಹುಕಾರರು. "ನಮ್ಮನೆ ಮುಖ ಹಿಂಗ ಆಗ್ಬೇಕು. ಆಗ್ತತೇನು?"

"ಆಗ್ತದೆ ಸಾಹೇಬ್ರೆ."

"ನಿನ್ನ ವಯಸ್ಸಿನವರು ಎಲ್ಲದಕ್ಕೂ ಆಗ್ತದೆ ಅಂತಾರೆ. ಹೆಂಗೆ ಅಂತ ಹೇಳು."

ನಾನು ಮುಚ್ಚಳ ನೋಡಿದೆ. ಮನೆಯನ್ನಲ್ಲ, ಕುರಿಯನ್ನು. ಮೆಟ್ಟಿಲ ಪಕ್ಕದಲ್ಲಿ ಒಂದು ಕುರಿ ಮೇಯುತ್ತಿತ್ತು. ಮುಂದಿನ ಕುರಿಗಳು ದೊಡ್ಡವಾಗಿ ಕಾಣುತ್ತಿದ್ದವು, ಅವು ಲೆಕ್ಕಕ್ಕಿಲ್ಲ. ಗೋಡೆಗೆ ಹತ್ತಿರವಿದ್ದದ್ದೇ ನನ್ನ ಅಳತೆ. ಕುರಿ ಕಾಯ್ದವನಿಗೆ ಕುರಿಯ ಎತ್ತರ ಯಾರೂ ಹೇಳಬೇಕಿಲ್ಲ. ಬೆಂಕಿಕಡ್ಡಿ ಮುರಿದು ಕುರಿಯಷ್ಟು ಮಾಡಿಕೊಂಡು ಬಾಗಿಲಿಗೆ ಹಿಡಿದೆ. ನಾಲ್ಕು ಕುರಿ. ಕೆಳಗಿನ ಕಿಟಕಿ ಮೂರು ಕುರಿ, ಮೇಲಿನದು ಎರಡು ಕುರಿ ಮತ್ತು ಒಂದು ತಲೆ. ಎರಡು ಕಿಟಕಿಯ ನಡುವಿನ ಗೋಡೆ ಕಿಟಕಿಯಷ್ಟೇ ಅಗಲ. ಸಾಹುಕಾರರ ಜಾಗ ನಲವತ್ತು ಅಡಿಗೆ ಹತ್ತಿರ. ಹಾಗಾಗಿ ಬಾಗಿಲಿನ ಒಂದೊಂದು ಪಕ್ಕಕ್ಕೆ ಎರಡೆರಡೇ ಕಿಟಕಿ ಬರುತ್ತವೆ, ಮೇಲೆ ಐದು, ಆದರೆ ಹೊಂದಿಕೆ ಇದೇ ಇರುತ್ತದೆ ಅಂದೆ.

ಸಾಹುಕಾರರು ನನ್ನನ್ನು ನೋಡಿದರು, ಮುಚ್ಚಳ ನೋಡಿದರು. "ಇದರಾಗೆ ಕುರಿ ಇರೋದು ನಾನು ಇವತ್ತೇ ಕಂಡಿದ್ದು" ಅಂದರು.

ಕೆಲಸ ನನ್ನದಾಯಿತು. ನನ್ನ ಹೆಸರಿನ ಮೊದಲ ಮನೆ. ಇದು ಕೆಟ್ಟರೆ ಸೊರಬದ ಮೇಸ್ತ್ರಿಯ ಮುಂದೆ ಹೋಗಿ ಮತ್ತೆ ಕರಣೆ ಹಿಡಿಯಬೇಕು, ಆತ ನಗಬೇಕು. ಆ ನಗು ಕೇಳುವುದಕ್ಕಿಂತ ಕುರಿ ಕಾಯುವುದೇ ವಾಸಿ ಅಂದುಕೊಂಡಿದ್ದೆ.

ಪಾಯಕ್ಕೆ ಸುಣ್ಣದ ಗೆರೆ ಹಾಕಿದ ದಿನ ಬೇರೆಯೇ ಆಯಿತು. ಮನೆಯವರೆಲ್ಲ ಹಿಂಭಾಗದ ಹಳೇ ಕೋಣೆಗಳಲ್ಲೇ ಇದ್ದರು. ಗೆರೆ ಮುಗಿಸಿ ಕೈ ತೊಳೆಯುತ್ತಿದ್ದಾಗ ಸಾಹುಕಾರರ ತಾಯಿ ಬಂದು ನಿಂತರು. ಎಪ್ಪತ್ತರ ಹತ್ತಿರದ ಹೆಂಗಸು, ಸಣ್ಣ ಆಳು, ಬಾಯಲ್ಲಿ ಎಲೆ. ಜಾಗದ ಖಾತೆ ಅವರ ಹೆಸರಿನಲ್ಲಿತ್ತು.

"ಮೇಸ್ತ್ರಿ, ಇಲ್ಲಿ ಗೆರೆ ತುಂಡಾಗೈತಲ್ಲ, ಏನದು?"

"ಕಿಟಕಿ ಅಮ್ಮಾ."

"ಕಿಟಕಿ ಆಚೆ ಏನೈತಿ?"

"ರಸ್ತೆ."

"ಈಚೆ?"

ಬಲಗಡೆಯ ಆ ಕೊನೆ ಹೆಂಗಸರ ಕೋಣೆ. ಅದರ ಮೇಲಿನದು ಸೊಸೆಯ ಕೋಣೆ. ಅಡುಗೆಮನೆ, ಬಾವಿ ಎಲ್ಲ ಆ ಕಡೆಗೇ ಇದ್ದದ್ದರಿಂದ ಬೇರೆಲ್ಲೂ ಇಡುವ ಹಾಗಿರಲಿಲ್ಲ.

"ಈಚೆ ನಾನು ಇರ್ತೀನಿ. ಸಂತೆಗೆ ಬಂದೋರೆಲ್ಲ ಮೆಣಸಿನಕಾಯಿ ಕೊಂಡು, ಹಂಗೇ ನನ್ನ ಮುಖಾನೂ ನೋಡ್ಕೊಂಡು ಹೋಗ್ಲಿ ಅಂತೇನು?"

ಸಾಹುಕಾರರು ಮಂಡಿಯಿಂದ ಎದ್ದು ಬಂದರು. "ಅಮ್ಮೀ, ಪರದೆ ಹಾಕಿದ್ರಾತು."

"ಪರದೆ ಗಾಳಿಗೆ ಏಳ್ತತಿ. ಗೋಡೆ ಏಳಲ್ಲ."

"ಆ ಕಡೆ ಎರಡು ಕಿಟಕಿ ಬಿಟ್ರೆ ಮನೆಗೆ ಒಂದು ಕಣ್ಣು ಹೋದಂಗೆ ಆಗ್ತತಿ."

"ಮನೆಗೆ ಕಣ್ಣು ಹೋದ್ರೆ ಹೋಗ್ಲಿ. ಕಿಟಕಿ ಇಟ್ರೆ ನಾನು ಇಲ್ಲೇ ಹಿಂದೆ ಇರ್ತೀನಿ, ಹೊಸ ಮನೆಗೆ ಕಾಲಿಡಲ್ಲ."

ತಾಯಿ ಒಳಗೆ ಹೋದರು. ಸಾಹುಕಾರರು ನನ್ನ ಕಡೆ ತಿರುಗಿದರು. ತಾಯಿಗೆ ಹೇಳಲಾರದ್ದನ್ನೆಲ್ಲ ನನಗೆ ಹೇಳಿದರು. "ಶುಕ್ರವಾರದೊಳಗೆ ಇಬ್ಬರೂ ಒಪ್ಪೋ ಹಂಗೆ ಏನಾದ್ರೂ ಹೇಳು. ಇಲ್ಲಾಂದ್ರೆ ಹಾನಗಲ್ಲಿಂದ ಮೇಸ್ತ್ರಿ ಕರೆಸ್ತೀನಿ, ಅವನು ತನಗೆ ಬಂದದ್ದು ಕಟ್ಲಿ."

ಮುಚ್ಚಳ ಒಂದು ದಿನದ ಮಟ್ಟಿಗೆ ಕೊಡಿ ಅಂತ ಕೇಳಿದೆ. ಒಳಗಿನಿಂದ ತಾಯಿಯ ದನಿ ಬಂತು: "ಬೇಗ ತಾರಪ್ಪಾ. ಮುಚ್ಚಳ ಇಲ್ದೆ ನನ್ನ ಎಲೆ ಎಲ್ಲ ಒಣಗ್ತಾವೆ." ಆ ಡಬ್ಬಿ ಅವರ ಎಲೆಯಡಿಕೆ ಡಬ್ಬಿ. ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ.

ಮರುದಿನ ಬೆಳಗ್ಗೆ ಹೊಸಬಾಳೆಯಲ್ಲಿ ನಮ್ಮ ಜಗಲಿಯ ಮೇಲೆ ಮುಚ್ಚಳ ಇಟ್ಟುಕೊಂಡು ಕೂತೆ. ಅಪ್ಪ ಕುರಿ ಬಿಡಲು ಹೊರಟವನು ಬಗ್ಗಿ ನೋಡಿದ. "ಅಷ್ಟು ದೊಡ್ಡ ಮನೆ ಬಾಗ್ಲಾಗೆ ಕುರಿ ಮೇಯಕ್ಕೆ ಬಿಟ್ಟವ್ನೆ ಅಂದ್ರೆ ಒಳ್ಳೆ ಮನುಷ್ಯನೇ ಇರಬೇಕು" ಅಂದು ಹೋದ.

ನಾನು ಆ ಮನೆಯೊಳಗೆ ಹೋಗಲು ನೋಡಿದೆ. ಚಿತ್ರಕ್ಕೆ ಮುಖವಿದೆ, ಬೆನ್ನಿಲ್ಲ. ಅಡುಗೆಮನೆ ಎಲ್ಲಿ? ಬಾವಿ ಎಲ್ಲಿ? ಅಷ್ಟು ಮಳೆಯ ದೇಶ ಅಂತ ಕೇಳಿದ್ದೆ, ಸೂರು ಕಾಣದ ಹಾಗೆ ಅಂಚಿಗೆ ಮೋಟು ಗೋಡೆ ಎತ್ತಿದ್ದಾರಲ್ಲ, ನೀರು ಯಾವ ದಾರಿ ಹಿಡಿಯುತ್ತದೆ? ಇಷ್ಟು ಕಿಟಕಿ ಇಟ್ಟವನ ಮನೆಯಲ್ಲಿ ಹೆಂಗಸರು ಎಲ್ಲಿ ಕಾಲು ಚಾಚಿ ಕೂರುತ್ತಾರೆ? ಕಟ್ಟಿದವನೊಬ್ಬ ಮೇಸ್ತ್ರಿ ಇದ್ದನಲ್ಲ, ಅವನೂ ಇದನ್ನೆಲ್ಲ ಯೋಚಿಸಿಯೇ ಇರಬೇಕು. ಆ ದೊರೆಯ ಮನೆಗಿಂತ ಆ ಮೇಸ್ತ್ರಿಯ ಬಗ್ಗೆಯೇ ನನಗೆ ಹೆಚ್ಚು ಕುತೂಹಲ. ಅವನೂ ಶಾಲೆ ಬಿಟ್ಟವನಿರಬಹುದು ಅಂತ ಏನೋ ಒಂದು ಸಮಾಧಾನ.

ಬಿಸಿಲು ಓರೆಯಾಗಿ ಬಿತ್ತು. ಆಗ ಕಂಡಿತು. ಎಲ್ಲ ಕಿಟಕಿಯ ಗಾಜೂ ನೀಲಿ, ಒಂದೊಂದರ ಮೇಲೂ ಹೊಳಪಿಗೆ ಬಿಳಿಯ ಗೀರು. ಬಲಗಡೆಯ ಕೊನೆಯ ಎರಡಕ್ಕೆ ಮಾತ್ರ, ಮೇಲಿನದು ಕೆಳಗಿನದು, ನೀಲಿಯೂ ಇಲ್ಲ ಹೊಳಪೂ ಇಲ್ಲ. ಚೌಕಟ್ಟು ಉಬ್ಬಿಕೊಂಡು ಸರಿಯಾಗಿಯೇ ಇದೆ. ಒಳಗೆ ಮಂಕು ಬಿಳಿ, ಸುಣ್ಣ ಬಳಿದ ಗೋಡೆಯ ಹಾಗೆ.

ಅದು ಕಿಟಕಿಯಲ್ಲ. ಕಿಟಕಿಯ ಆಕಾರ ಮಾಡಿ ಒಳಗೆ ಗೋಡೆ ಕಟ್ಟಿದ್ದಾರೆ!

ಆ ದಿನವೇ ಆನವಟ್ಟಿಗೆ ಹೋದೆ. ಮರದ ಕೆಲಸಕ್ಕೆ ನಾನು ಗೊತ್ತು ಮಾಡಿದ್ದ ಆಚಾರ್ರು ಅಲ್ಲಿದ್ದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ನಾಲಿಗೆ ಉಳಿಗಿಂತ ಹರಿತ.

"ಏನೋ ಇಂಗ್ಲೆಂಡ್ ಮೇಸ್ತ್ರಿ, ಮುಚ್ಚಳದೊಳಗೆ ಮನೆ ಹುಡುಕ್ತಿದೀಯಂತೆ? ಸಿಕ್ಕಿದ್ರೆ ನಂಗೂ ಒಂದು ಕೋಣೆ ನೋಡು."

"ಈ ಎರಡು ಕಿಟಕಿ ನೋಡ್ರಿ ಆಚಾರ್ರೆ."

ಕನ್ನಡಕ ಹಣೆಯಿಂದ ಇಳಿಸಿಕೊಂಡು ನೋಡಿದರು. "ಗಾಜು ಸತ್ತದೆ."

"ಗಾಜೇ ಇಲ್ಲ. ಗೋಡೆ ಅದು. ಹೊರಗೆ ಸಾಲು ತಪ್ಪಬಾರ್ದು, ಒಳಗೆ ಕಿಟಕಿ ಬೇಡ. ಅದಕ್ಕೆ ಹಿಂಗೆ ಮಾಡವ್ರೆ."

"ಇರಬಹುದಪ್ಪ" ಅಂದರು. "ಬಣ್ಣ ಹೋಗಿದ್ರೂ ಇರಬಹುದು."

"ಸರಿಯಾಗಿ ಎರಡು ಕಿಟಕಿ ನೋಡ್ಕೊಂಡು ಬಣ್ಣ ಹೋಗ್ತದಾ?"

ಆಚಾರ್ರು ಕನ್ನಡಕ ಮತ್ತೆ ಹಣೆಗೇರಿಸಿದರು. ನಾನು ಗೆದ್ದೆ ಅಂದುಕೊಂಡೆ.

ಗುರುವಾರ ಮಂಡಿಯ ಹಿಂದಿನ ಪಡಸಾಲೆಯಲ್ಲಿ ತಾಯಿ ಮಗ ಇಬ್ಬರ ಮುಂದೆಯೂ ಮುಚ್ಚಳ ಇಟ್ಟೆ. ಬಿಸಿಲಿಗೆ ಹಿಡಿದು ತೋರಿಸಿದೆ. ಸಾಹುಕಾರರು ಕಣ್ಣು ಕಿರಿದು ಮಾಡಿ ನೋಡಿದರು.

"ಹೌದಲ್ಲೋ! ಇಷ್ಟು ವರ್ಷ ಕಾಣ್ಲಿಲ್ಲ. ಆದ್ರೆ ನಾನು ಚಿಕ್ಕವನಿದ್ದಾಗ ಇಲ್ಲೂ ನೀಲಿ ಇತ್ತೇನೋ ಅನ್ಸುತ್ತೆ…"

"ನಿಂಗೇನು ನೆನಪಿರ್ತತಿ" ಅಂದರು ತಾಯಿ. "ನಿನ್ನ ಕಣ್ಣೆಲ್ಲ ಬಿಸ್ಕತ್ತಿನ ಮೇಲೇ ಇತ್ತು."

"ಆ ದೊರೆಗೂ ಒಬ್ಬ ತಾಯಿ ಇದ್ದಳು ಸಾಹೇಬ್ರೆ" ಅಂದೆ ನಾನು. ಇಡೀ ದಾರಿ ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತು ಅದು.

ತಾಯಿ ಮುಚ್ಚಳವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಎಲೆಯ ರಸ ತಡೆಯುತ್ತಿದ್ದಾರೆ ಅಂದುಕೊಂಡೆ. ಆಮೇಲೆ, "ಮೇಸ್ತ್ರಿ ಕಣ್ಣು ಚೂಪೈತಿ ಬೇಟಾ. ಹಂಗೇ ಕಟ್ಲಿ" ಅಂದರು.

ಜಂಬಿಟ್ಟಿಗೆ ಕಲ್ಲು ಸೊರಬದ ಕಡೆಯಿಂದ ಲಾರಿಯಲ್ಲಿ ಬಂತು. ಸಿಮೆಂಟಿನ ಗೋಜಿಗೆ ಹೋಗದೆ ಸುಣ್ಣದ ಗಾರೆಯಲ್ಲೇ ಕಟ್ಟಿದೆ. ಗಾಣದಲ್ಲಿ ಎತ್ತು ಕಟ್ಟಿ ಸುಣ್ಣ ಮರಳು ಅರೆಸಿ, ಮಂಡಿಯಲ್ಲಿ ಉಳಿದ ಪುಡಿಬೆಲ್ಲವನ್ನೇ ನೀರು ಮಾಡಿ ಸೇರಿಸಿದೆ. ಇರುವೆ ಬಂದಾವು ಅಂತ ಸಂತೆಯ ಜನ ಆಡಿಕೊಂಡರು. ಗೋಡೆ ಕಲ್ಲಾಯಿತು. ಸೂರನ್ನು ಮಾತ್ರ ಚಿತ್ರದಂತೆ ಬಚ್ಚಿಡಲಿಲ್ಲ. ನೀರಿನ ದಾರಿ ನನಗೆ ಗೊತ್ತಾಗದ ಮೇಲೆ ಮಂಗಳೂರು ಹಂಚನ್ನು ಮುಂದಕ್ಕೆ ಚಾಚಿ ಇಳಿಸಿದೆ. ನಾಲ್ಕು ಹೊಗೆಗೂಡಿನ ಬದಲು ಒಂದು, ಅದೂ ಅಡುಗೆಮನೆಯ ಮೇಲೆ, ನಿಜವಾಗಿ ಹೊಗೆ ಬರುವಂಥದ್ದು. ಸಾಹುಕಾರರು ಸ್ವಲ್ಪ ಗೊಣಗಿ ಒಪ್ಪಿದರು.

ಮುಚ್ಚಿದ ಕಿಟಕಿಗಳು ನನ್ನನ್ನು ಕಾಡಿದವು. ಸುಳ್ಳು ಕೆಲಸ ಮಾಡಲ್ಲ ಅಂತ ಹಟ ಹಿಡಿದು ಬಂದವನು ನಾನು, ಈಗ ಕಿಟಕಿಯಲ್ಲದ ಕಿಟಕಿ ಕಟ್ಟುತ್ತಿದ್ದೇನಲ್ಲ ಅಂತ. ಬಹಳ ಯೋಚಿಸಿದೆ. ಗೋಡೆ ಒಂದೂವರೆ ಅಡಿ ದಪ್ಪ. ಹೊರಗಿನಿಂದ ನಾಲ್ಕು ಅಂಗುಲ ಒಳಕ್ಕೆ ತೆಗೆದು ಚೌಕಟ್ಟು ಕೂರಿಸಿದೆ. ಅದೇ ಜಾಗದಲ್ಲಿ ಒಳಗಿನಿಂದ ಏಳು ಅಂಗುಲ ತೆಗೆದು, ಕಮಾನು ಮಾಡಿ, ಗೂಡು ಮಾಡಿದೆ. ನಡುವೆ ಗಟ್ಟಿ ಗೋಡೆ ಉಳಿಯಿತು. ರಸ್ತೆಗೆ ಅದು ಕಿಟಕಿ, ಕೋಣೆಗೆ ಗೂಡು. ಕೋಣೆಯ ಬೆಳಕಿಗೆ ಒಳಗಿನ ಅಂಗಳದ ಕಡೆ ಎರಡು ದೊಡ್ಡ ಕಿಟಕಿ ಇಟ್ಟೆ.

ಆ ಕಿಟಕಿಗಳ ಮುಖಕ್ಕೆ ಹಾಕಲು ಮರದ ಪಟ್ಟಿ ಬಾಗಿಲು ಹೊತ್ತು ತಂದ ಆಚಾರ್ರು ಕೇಳಿದರು: "ಜನ್ಮಕ್ಕೆ ತೆಗೆಯದ ಬಾಗ್ಲಿಗೆ ಕೀಲು ಬೇರೆ ಬೇಕೇನೋ?"

"ಬೇಕು. ಕೀಲು, ಚಿಲಕ, ಎಲ್ಲ ಹಾಕ್ರಿ. ತೆಗಿಯೋದಿಲ್ಲ ಅಂತ ಕೆಲಸ ಕಮ್ಮಿ ಮಾಡಬಾರ್ದು."

"ನಿನ್ನ ಹೆಂಡ್ತಿ ಆಗೋಳು ಪಾಪ" ಅಂದು ಕೀಲು ಹೊಡೆಯಲು ಕೂತರು.

ಮುಖ ಎದ್ದು ನಿಂತಾಗ ಬಸ್ಸಿನವರು ನಿಧಾನ ಮಾಡಿ ತೋರಿಸುತ್ತಿದ್ದರು. ನಾನು ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಕೂತು, ಕೇಳಿದವರಿಗೂ ಕೇಳದವರಿಗೂ ಆ ಎರಡು ಕಿಟಕಿಯ ವಿಷಯ ಹೇಳಿದೆ. ಇಂಗ್ಲೆಂಡಿನ ಪದ್ಧತಿ ಅದು, ದೊರೆಗಳ ಮನೆಯಲ್ಲಿ ಹೆಂಗಸರ ಕಡೆ ಹೀಗೇ ಮಾಡುವುದು, ಯಾರಿಗೂ ಗೊತ್ತಿರಲಿಲ್ಲ, ಚಿತ್ರ ನೋಡಿಯೇ ಕಂಡುಹಿಡಿದೆ ಅಂತ. ಸೊರಬದ ಮೇಸ್ತ್ರಿಯ ಕಿವಿಗೆ ಬೀಳಲಿ ಅಂತಲೇ ಜೋರಾಗಿ ಹೇಳುತ್ತಿದ್ದೆ. ಬಿತ್ತು. ಒಂದು ಸಂತೆಯ ದಿನ ಆತನೇ ಬಂದು, ರಸ್ತೆಯಾಚೆ ನಿಂತು, ತೂಗುಗುಂಡು ಕಣ್ಣಲ್ಲೇ ಇಳಿಬಿಟ್ಟು ಮೂಲೆಯ ಕಲ್ಲು ನೋಡಿ, ನಗದೆ ಹೋದ. ಅಷ್ಟೇ ಸಾಕಾಗಿತ್ತು ನನಗೆ.

ಹೊಸ ಮನೆಗೆ ಕಾಲಿಡುವ ದಿನ ಮೌಲ್ವಿಗಳಿಂದ ಪವಿತ್ರ ಗ್ರಂಥ ಓದಿಸಿದರು. ಊಟವಾಯಿತು. ತಾಯಿ ನನ್ನನ್ನು ತಮ್ಮ ಕೋಣೆಯ ಬಾಗಿಲಿಗೆ ಕರೆಸಿದರು. ಅಂಗಳದ ಬೆಳಕು ಒಳಗೆಲ್ಲ ತುಂಬಿತ್ತು. ಗೂಡಿನಲ್ಲಿ ಮೇಲಿನ ಹಲಗೆಯ ಮೇಲೆ ಬಟ್ಟೆ ಸುತ್ತಿದ ಪವಿತ್ರ ಗ್ರಂಥ, ಕೆಳಗೆ ಎಲೆಯಡಿಕೆ ಡಬ್ಬಿ.

"ಕೂತ್ಕೋ ಮೇಸ್ತ್ರಿ. ನನ್ನ ಕೈಯಾರೆ ಎಲೆ ಕೊಡ್ತೀನಿ."

ಒಂದು ಎಲೆಗೆ ಸುಣ್ಣ ಸವರಿ ಪಕ್ಕಕ್ಕಿಟ್ಟರು. ಅಡಿಕೆ ಸಾಲದೆ ಮತ್ತೆ ಡಬ್ಬಿಗೆ ಕೈ ಹಾಕಿದರು. ಬಲಗೈ ಮುಚ್ಚಳದ ಬಲ ಅಂಚನ್ನು ಹಿಡಿಯಿತು. ಬೆರಳುಗಳು ಅಂಚಿನ ಕೆಳಗೆ, ಸುಣ್ಣ ಮೆತ್ತಿದ ಹೆಬ್ಬೆರಳು ಮೇಲೆ. ಹೆಬ್ಬೆರಳು ಸರಿಯಾಗಿ ಆ ಎರಡು ಕಿಟಕಿಗಳ ಮೇಲೆ ಕೂತಿತು. ಮೇಲಿನದರ ಮೇಲೆ ಉಗುರು, ಕೆಳಗಿನದರ ಮೇಲೆ ಗೆಣ್ಣು. ಒತ್ತಿ ಎತ್ತಿದರು. ಮೂವತ್ತು ವರ್ಷದಿಂದ ದಿನಕ್ಕೆ ಹತ್ತು ಸಲ ಹಾಗೇ ಎತ್ತಿರಬೇಕು.

ಸುಣ್ಣ. ನನ್ನ ಕೈಯ ಚರ್ಮ ಸುಲಿಯುವುದು ಅದೇ ಸುಣ್ಣ. ಬಣ್ಣ ಬಳಿದ ಮರದ ಮೇಲೆ ಒಂದು ಹನಿ ಬಿದ್ದರೆ ಬಣ್ಣವನ್ನು ಹೇಗೆ ತಿನ್ನುತ್ತದೆ, ಹೇಗೆ ಮಂಕು ಬಿಳಿಯ ಕಲೆ ಬಿಡುತ್ತದೆ ಅನ್ನುವುದನ್ನು ಹತ್ತು ವರ್ಷದಿಂದ ದಿನಾ ನೋಡಿದ್ದೆ. ಕುರಿಯ ಎತ್ತರ ಹಿಡಿದವನಿಗೆ ಸುಣ್ಣದ ಗುರುತು ಸಿಕ್ಕಿರಲಿಲ್ಲ. ಯಾಕೆಂದರೆ ನಾನು ಅಲ್ಲಿ ಇನ್ನೊಬ್ಬ ಮೇಸ್ತ್ರಿಯನ್ನು ನೋಡಬೇಕೆಂದಿದ್ದೆ.

ತಲೆ ಎತ್ತಿದೆ. ತಾಯಿ ನನ್ನನ್ನೇ ನೋಡುತ್ತಿದ್ದರು. ಸೆರಗು ಮತ್ತೆ ಬಾಯಿಗೆ ಅಡ್ಡ ಹೋಗಿತ್ತು. ಈ ಸಲ ಅದು ರಸಕ್ಕಲ್ಲ ಅಂತ ನನಗೆ ತಿಳಿಯಿತು.

"ಅಮ್ಮಾ, ಅವತ್ತೇ ಗೊತ್ತಿತ್ತಾ?"

"ನನ್ನ ಬೆರಳು ನನಗೆ ಗೊತ್ತಿರಲ್ವೇನಪ್ಪ."

"ಮತ್ತೆ ಹೇಳಲಿಲ್ಲ?"

"ಹೇಳಿದ್ರೆ ನನ್ನ ಮಗ ಕಿಟಕಿ ಇಡ್ತಿದ್ದ. ಹಾನಗಲ್ಲಿನವನು ಬರ್ತಿದ್ದ. ನಾನು ಹಿಂದಿನ ಕೋಣೇಲಿ ಇರ್ತಿದ್ದೆ. ನೀನು ಎಲ್ಲಿರ್ತಿದ್ದೆ?" ಎಲೆ ಮಡಿಸಿ ಕೊಟ್ಟರು. "ತಗೋ. ಸುಣ್ಣ ಜಾಸ್ತಿ ಆಗೈತೇನೋ, ಬಾಯಿ ಸುಟ್ಟೀತು."

ಸುಟ್ಟಿತು. ನಾನು ಉಗುಳಲಿಲ್ಲ.

ಹೊರಗೆ ಬಂದು ರಸ್ತೆಯಾಚೆ ನಿಂತು ಮನೆ ನೋಡಿದೆ. ಅದರ ಮುಖದಲ್ಲಿ ಏನೂ ಬದಲಾಗಿರಲಿಲ್ಲ. ಸಾಲು ತಪ್ಪಿರಲಿಲ್ಲ, ಮೂಲೆ ನೇರವಾಗಿತ್ತು, ಒಳಗೆ ಆ ತಾಯಿ ಕಾಲು ಚಾಚಿ ಕೂತಿದ್ದರು. ಕೆಲಸ ಸರಿಯಾಗಿತ್ತು, ಅದಕ್ಕೆ ನಾನು ಹೇಳುತ್ತಿದ್ದ ಕಾರಣ ಮಾತ್ರ ನಿಂತಿರಲಿಲ್ಲ. ಸಾಹುಕಾರರಿಗೆ ನಾನು ಹೇಳಲಿಲ್ಲ. ಆಚಾರ್ರಿಗೆ ಹೇಳಿದೆ, ಹೇಳದೆ ಇರಲಾಗಲಿಲ್ಲ. ಅವರು ನಗುತ್ತಾರೆ ಅಂದುಕೊಂಡಿದ್ದೆ. "ಬಣ್ಣ ಹೋಗಿರಬಹುದು ಅಂತ ನಾನು ಅಂದೆ, ನೀನು ಬಿಡಲಿಲ್ಲ. ನಾನೂ ಕೀಲು ಹೊಡೆದೆ" ಅಂದು ಬೀಡಿ ಹಚ್ಚಿದರು. ಚಹಾದಂಗಡಿಯಲ್ಲಿ ನಾನು ಇಂಗ್ಲೆಂಡಿನ ಮಾತು ನಿಲ್ಲಿಸಿದೆ. ಆದರೆ ಆ ಮಾತು ನನ್ನನ್ನು ಬಿಟ್ಟು ತಾನೇ ಓಡಾಡತೊಡಗಿತ್ತು.

ಮುಂದಿನ ವರ್ಷ ಆನವಟ್ಟಿಯಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಕರೆಸಿದರು. ಲಿಂಗಾಯತರು, ಅವರ ಮನೆಯಲ್ಲಿ ಪರದೆಯ ಪದ್ಧತಿಯೇನೂ ಇರಲಿಲ್ಲ. ಜಾಗ ತೋರಿಸಿ, "ಶಿರಾಳಕೊಪ್ಪದ ಹಂಗೇ ಆಗ್ಬೇಕು ನೋಡ್ರಿ. ಬಲಗಡೆ ಕೊನೆಗೆ ಎರಡು ಮುಚ್ಚಿದ ಕಿಟಕಿ. ಇಂಗ್ಲೆಂಡಿನಾಗೆ ಹಂಗೇ ಇರ್ತಾವಂತಲ್ಲ?" ಅಂದರು.

ಸುಣ್ಣದ ಪುಡಿಯ ಬುಟ್ಟಿ ಕೈಯಲ್ಲಿತ್ತು. ನಾನು ಗೆರೆ ಹಾಕಲಿಲ್ಲ.

"ಆ ಮೂಲೇಲಿ ಯಾರು ಕೂರೋರು?" ಅಂತ ಕೇಳಿದೆ.

"ಯಾರು ಅಂದ್ರೆ? ನಮ್ಮ ಮನೆಯೋರು ಹೊಲಿಗೆ ಮಿಷನ್ ಇಟ್ಕೊತಾರೆ."

"ಹಂಗಾದ್ರೆ ಅವರನ್ನ ಕರೀರಿ" ಅಂದೆ. ಬುಟ್ಟಿ ಕೆಳಗಿಟ್ಟು, ಆ ಹೆಂಗಸು ಕೈ ಒರೆಸಿಕೊಂಡು ಹೊರಗೆ ಬರುವ ತನಕ ಬಿಸಿಲಲ್ಲೇ ನಿಂತಿದ್ದೆ.